ಎಣ್ಣೆಯಲ್ಲಿ ನೋಡಿದ ಮುಖ

ನನ್ನ ತಂಗಿ ಸುಧಾರಾಣಿಯ ಗಂಡ ಚನ್ನೇಶ ಹಾನಗಲ್ಲಿನಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಸಂಜೆಯಾದರೆ ಮಾಳಿಗೆಯ ಮೇಲೆ ಟೆಲಿಸ್ಕೋಪು ಇಟ್ಟು ಓಣಿಯ ಮಕ್ಕಳಿಗೆ ಆಕಾಶ ತೋರಿಸುತ್ತಿದ್ದ. ನಮ್ಮ ಕಣ್ಣಿಗೆ ದಕ್ಕದ ಬೆಳಕನ್ನು ಕೂಡಿಸಿ ಕೊಡುವುದೇ ಟೆಲಿಸ್ಕೋಪಿನ ಕೆಲಸ ಎನ್ನುತ್ತಿದ್ದ. ಒಮ್ಮೆ ವೃಶ್ಚಿಕದ ಬಾಲದ ತುದಿ ತೋರಿಸಿ, "ಇದ ನೋಡ್ರಿ ಮೂಲಾ ನಕ್ಷತ್ರ. ನಮ್ಮ ಸೂರ್ಯನಂಗ ಬಿಸಿ ಅನಿಲದ ಉಂಡಿ. ಈ ಬೆಳಕು ಅಲ್ಲಿಂದ ಹೊಂಟು ಐನೂರು ವರ್ಷದ ಮ್ಯಾಲಾತು" ಎಂದಿದ್ದ. ತಂಗಿಗೆ ಎಂಥ ಗಂಡ ಸಿಕ್ಕ ಎಂದು ಹಿಗ್ಗಿದ್ದೆ. ನನ್ನ ಬುದ್ಧಿಗೆ ಏನು ಹೇಳಲಿ!

ಸುಧಾಳಿಗೆ ಹೆಣ್ಣು ಕೂಸು ಹುಟ್ಟಿತು, ಅದೇ ಮೂಲಾ ನಕ್ಷತ್ರದಲ್ಲಿ. ಮೂಲಾದ ಕೂಸಿನ ಮುಖವನ್ನು ಅಪ್ಪ ಇಪ್ಪತ್ತೇಳು ದಿನ ನೋಡಬಾರದಂತೆ, ನೋಡಿದರೆ ಅವನ ಜೀವಕ್ಕೆ ಕೇಡಂತೆ. ನೋಡಲೇಬೇಕೆಂದರೆ ತಾಟಿನ ಎಣ್ಣೆಯಲ್ಲಿ ಅದರ ಪ್ರತಿಬಿಂಬ ನೋಡಬೇಕಂತೆ. ಚನ್ನೇಶನ ತಾಯಿ ಫಕ್ಕೀರವ್ವ ಬಾಣಂತಿಯನ್ನು ಒಳಗಿನ ಕತ್ತಲೆಕೋಣೆಗೆ ಹಾಕಿ ಬಾಗಿಲಿಗೆ ಸೀರೆ ಕಟ್ಟಿದಳು. ವಿಜ್ಞಾನದ ಮಾಸ್ತರ ತಾನೇ ಮೊಳೆ ಹೊಡೆದುಕೊಟ್ಟ.

ಐದನೆಯ ದಿನ ನಾನು ಮಾಸೂರಿನಿಂದ ಹೋದೆ. ಕಿಟಕಿ ತೆರೆದು ಬೆಳಕಿನಲ್ಲಿ ನೋಡಿದೆ. ಕೂಸಿನ ಮೈ, ಕಣ್ಣಿನ ಬಿಳಿ ಎಲ್ಲ ಹಳದಿ. ಹಾಲು ಕುಡಿಯದು, ಅಳದು.

"ಎರಡು ದಿನದಿಂದ ಬಡ್ಕೊಳ್ಳಾಕತ್ತೇನಿ ಅಕ್ಕಾ," ಸುಧಾ ಅತ್ತಳು. "ಅವರು ನಿನ್ನೆ ತಾಟಿನಾಗ ನೋಡಿದ್ರು. ಎಣ್ಣಿಗೆ ಹಂಗ ಕಾಣ್ತೈತಿ, ಏನೂ ಆಗಿಲ್ಲ ಅಂದ್ರು."

ಹಿತ್ತಾಳೆ ತಾಟು, ಅದರಲ್ಲಿ ಶೇಂಗಾ ಎಣ್ಣೆ! ಅದರಲ್ಲಿ ಯಾವ ಮುಖ ಹಳದಿ ಕಾಣುವುದಿಲ್ಲ? ಬಣ್ಣ ನೋಡಿ ನಕ್ಷತ್ರದ ಬಿಸಿ ಎಷ್ಟೆಂದು ಹೇಳುವ ಮನುಷ್ಯ, ಹತ್ತು ಹೆಜ್ಜೆಯಾಚೆಗಿದ್ದ ಮಗಳ ಬಣ್ಣ ತಿಳಿಯದೆ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ.

"ಕಾರು ತಗೀರಿ, ಈಗಿಂದೀಗ ಹುಬ್ಬಳ್ಳಿಗೆ ಹೋಗೂಣು" ಎಂದು ಅವನಿಗೆ ಹೇಳಿದೆ.

ಫಕ್ಕೀರವ್ವ ಅಡ್ಡ ಬಂದಳು. "ಈ ಹಳದಿ ಕಾಮಣಿ ಎಲ್ಲಾ ಕೂಸಿಗೂ ಬರ್ತೈತಿ, ತಾನ ಹೋಗ್ತೈತಿ. ಒಂದ ಕಾರಿನಾಗ ಅಪ್ಪ ಮಗಳು ಕುಂತ್ರ ನನ್ನ ಮಗನ ಗತಿ ಏನ ಯವ್ವಾ?"

"ಐನೂರು ವರ್ಷದ ಹಿಂದ ಹೊಂಟ ಬೆಳಕಿಗೆ ನಿಮ್ಮ ಮಗನ ಗುರುತು ಹೆಂಗ ಸಿಕ್ತ್ರಿ? ಅವರನ್ನ ಕೇಳ್ರಿ!"

ಚನ್ನೇಶ ನೆಲ ನೋಡಿದ. "ನನಗೂ ಗೊತ್ತೈತ್ರಿ. ಆದ್ರ ಅವ್ವನ ಮನಸ್ಸು ಮುರೀಬಾರದು ಅಂತ..."

ಅಷ್ಟರಲ್ಲಿ ಸುಧಾ ಸೀರೆ ಕಿತ್ತೆಸೆದು ಕೂಸಿನೊಂದಿಗೆ ಹೊರಗೆ ಬಂದಳು. "ನೋಡ್ರಿ. ಎಣ್ಣ್ಯಾಗಲ್ಲ, ಬಿಸಿಲಿನಾಗ ನೋಡ್ರಿ!"

ಚನ್ನೇಶ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. ಆ ಕೈಗಳನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.

ಪಕ್ಕದ ಮನೆಯ ರಫೀಕ ತನ್ನ ಗೂಡ್ಸ್ ಗಾಡಿಯಲ್ಲಿ ನಮ್ಮನ್ನು ಹುಬ್ಬಳ್ಳಿಗೆ ಮುಟ್ಟಿಸಿದ. ಡಾಕ್ಟರರು ರಕ್ತ ಬದಲಿಸಿದರು. ಎರಡು ದಿನ ಮೊದಲೇ ಬಂದಿದ್ದರೆ ಬರೀ ಆಸ್ಪತ್ರೆಯ ನೀಲಿ ದೀಪದ ಬೆಳಕಿನಡಿ ಮಲಗಿಸಿದ್ದರೆ ಸಾಕಿತ್ತಂತೆ. ಕೂಸು ಉಳಿಯಿತು. ಸುಧಾ ಹಾನಗಲ್ಲಿಗೆ ಮರಳದೆ ನನ್ನ ಮನೆಗೆ ಬಂದಳು.

ಇಪ್ಪತ್ತೇಳನೆಯ ದಿನ ಫಕ್ಕೀರವ್ವ ಶಾಂತಿಯ ಸಾಮಾನು ಹೊತ್ತು ಮಗನೊಂದಿಗೆ ಬಂದಳು. "ದೋಷ ಮುಗೀತವಾ. ಇವತ್ತ ಅಪ್ಪ ಮಗಳ ಮುಖ ನೋಡ್ಲಿ."

ಸುಧಾ ಹೊಸ್ತಿಲಲ್ಲಿ ನಿಂತು, ಹೆಗಲ ಮೇಲಿದ್ದ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. "ಆಕಿಗೆ ಯಾವ ದೋಷನೂ ಇದ್ದಿಲ್ರಿ. ಶಾಂತಿನೂ ಬ್ಯಾಡ, ನೀವೂ ಬ್ಯಾಡ."

ಚನ್ನೇಶ ಅಂಗಳದಿಂದಲೇ ಕರೆದ. "ಪುಟ್ಟೀ... ನನ್ನ ಮಗಳ..."

"ಕರೀಬ್ಯಾಡ್ರಿ," ಎಂದಳು ಸುಧಾ. "ನಿನ್ನೆ ಪರೀಕ್ಷೆ ಮಾಡಿ ಡಾಕ್ಟರು ಹೇಳಿದ್ರು. ಕಾಮಣಿ ಮೆದುಳಿಗೆ ಏರಿತ್ತಂತ. ಆಕಿಗೆ ಎರಡೂ ಕಿವಿ ಕೇಳೂದಿಲ್ಲ."