ಹಸಿರು ಚುಕ್ಕೆಗಳು

ಪರದೆಯ ಎಡ ಮೂಲೆಯಲ್ಲಿ ಹಸಿರು ಚುಕ್ಕೆಗಳು ಮತ್ತೆ ಮೂಡಿದವು. ಅಲಮೇಲು ಕುರ್ಚಿಯಿಂದ ಅರ್ಧ ಎದ್ದಳು. ಕಾರವಾರದ ಕಡಲ ನೀರನ್ನು ಕೂದಲೆಳೆಯಷ್ಟು ಸಣ್ಣ ಧಾರೆಯಾಗಿ ಲೇಸರ್ ಬೆಳಕಿನ ಮುಂದೆ ಹರಿಸಿ, ಒಂದೊಂದು ಕಣವನ್ನೂ ಎಣಿಸುವ ಯಂತ್ರ ಅದು. ಪಾಚಿಯಾದರೆ ಕೆಂಪಗೆ ಮಿನುಗಬೇಕು. ಈ ಹಸಿರು ಅವಳು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮೂರು ವರ್ಷ ಚುಕ್ಕೆ ಎಣಿಸಿ ಎಣಿಸಿ ಕಣ್ಣು ಸೋತವಳಿಗೆ ಆಕಾಶಕ್ಕೆ ಮೂರೇ ಗೇಣು ಉಳಿಯಿತು. ಹೊಸ ಜೀವಿ! ಕಿಟಕಿಯಾಚೆ ಬೆಂಗಳೂರಿನ ಜ್ಞಾನಭಾರತಿಯ ನೀಲಗಿರಿ ಮರಗಳೆಲ್ಲ ನೀರೊಳಗೆ ತೂಗುತ್ತಿರುವಂತೆ ಕಂಡವು. ತಡೆಯಲಾರದೆ ತನ್ನ ಪಿಎಚ್.ಡಿ. ಗೈಡ್ ಸೇತುರಾಮರ ಮನೆಗೆ ಫೋನ್ ಮಾಡಿಬಿಟ್ಟಳು.

"ಏನೂ ಮುಟ್ಬೇಡಮ್ಮ, ರಾಜಾಜಿನಗರದಿಂದ ಈಗ್ಲೇ ಹೊರಟೆ" ಎಂದರು ಅವರು.

ಆಮೇಲೆ ನೆನಪಾಯಿತು. ಮಾದರಿಗೆ ಬೆರೆಸುವ ಸೋಸಿದ ಕಡಲ ನೀರನ್ನು ಮೊದಲು ಮಾದರಿಯಿಲ್ಲದೆ ಯಂತ್ರದಲ್ಲಿ ಹರಿಸಿ, ಅದರಲ್ಲಿ ಏನೂ ಇಲ್ಲವೆಂದು ನೋಡಿಕೊಳ್ಳಬೇಕು. ಇವತ್ತು ಅವಸರದಲ್ಲಿ ಬಿಟ್ಟಿದ್ದಳು. ಈಗ ಹರಿಸಿದಳು. ಅದೇ ಹಸಿರು, ಅದೇ ಮೂಲೆ. ಆ ನೀರಿನ ಕ್ಯಾನನ್ನು ತಿರುಗಿಸಿದರೆ ಅದರ ಕೊರಳಿಗೆ ಅರಿಸಿನ, ಕುಂಕುಮದ ಬೊಟ್ಟು.

"ದುರ್ಗವ್ವಾ, ಇದ್ರೊಳಗೆ ಏನಾದ್ರೂ ಹಾಕಿದ್ರಾ?"

ಲ್ಯಾಬಿನ ಗಾಜಿನ ಸಾಮಾನು ತೊಳೆಯುವ ದುರ್ಗವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಕುಷ್ಟಗಿ ಕಡೆಯವಳು, ಮೂಡಲಪಾಳ್ಯದಲ್ಲಿ ಬಾಡಿಗೆ ಮನೆ. ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ.

"ನಿನ್ನೆ ಶುಕ್ರವಾರ ಇತ್ತಲ್ರಿ ಅಕ್ಕಾರ. ಸಮುದ್ರದ ನೀರು ಅಂತ ನೀವ ಹೇಳಿದ್ರಿ. ಗಂಗವ್ವ ಇದ್ದಲ್ಲಿಗೆ ನಾವಂತೂ ಹೋಗಿಲ್ಲ, ಆಕೀನ ಬಂದಾಳ. ಬರೇ ಹೆಂಗ ಬಿಡೂದು ಅಂತ ಒಂದ್ ಚಿಟಿಕಿ ಅರಿಶಿಣ ಬಿಟ್ಟು ಕೈ ಮುಗದೆ." ಅಲಮೇಲುವಿನ ಮುಖ ನೋಡಿ ಅವಳ ದನಿ ಇಳಿಯಿತು. "ತಪ್ಪಾತೇನ್ರಿ? ಕೆಲಸದಿಂದ ತಗೀತಾರೇನ್ರಿ?"

ಅಲಮೇಲುವಿಗೆ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. ಕಾರವಾರದಿಂದ ತಂದಿದ್ದ ಮಾದರಿಯೆಲ್ಲ ಆ ನೀರಿನೊಂದಿಗೆ ಬೆರೆಸಿ ಮುಗಿದಿತ್ತು. ೨೦೦೬ರ ಡಿಸೆಂಬರಿನ ಕಡಲನ್ನು ಮತ್ತೆ ಹೊತ್ತು ತರುವ ಬಸ್ಸಿಲ್ಲ.

ಕೆಳಗೆ ಸೇತುರಾಮರ ಸ್ಕೂಟರ್ ನಿಂತ ಸದ್ದಾಯಿತು. ಅವಳು ದಾಖಲೆ ಪುಸ್ತಕ ತೆರೆದು ಬರೆದಳು: 'ಬೆರೆಸುವ ನೀರು ಕೆಟ್ಟಿತ್ತು. ಮೊದಲೇ ಪರೀಕ್ಷಿಸಲಿಲ್ಲ. ತಪ್ಪು ನನ್ನದು.' ಆಮೇಲೆ ದುಪಟ್ಟಾದ ತುದಿಯಿಂದ ಕ್ಯಾನಿನ ಬೊಟ್ಟನ್ನು ಒರೆಸಿದಳು.

ದುರ್ಗವ್ವ ಪರದೆಯ ಹತ್ತಿರ ಬಗ್ಗಿದ್ದಳು. "ಇವೇನ್ರಿ, ಹಸರ ಹಸರ?"

"ನೀವು ಬಿಟ್ಟ ಅರಿಸಿನ. ಲೇಸರ್ ಬೆಳಕಿಗೆ ಹಸಿರಾಗಿ ಮಿನುಗುತ್ತೆ."

"ಅಯ್ಯ ಶಿವನ! ಎಷ್ಟ್ ಅದಾವ್ರಿ?"

ಅಲಮೇಲು ಓದಿ ಹೇಳಿದಳು. "ಹದಿನೆಂಟು ಸಾವಿರದ ನಾನೂರ ಆರು."

ದುರ್ಗವ್ವ ಸೆರಗನ್ನು ತಲೆಯ ಮೇಲೆಳೆದುಕೊಂಡು ಪರದೆಗೆ ಕೈ ಮುಗಿದಳು. ಮೆಟ್ಟಿಲ ಮೇಲಿನ ಹೆಜ್ಜೆ ಸದ್ದು ಹತ್ತಿರವಾಗುತ್ತಿತ್ತು. ಚುಕ್ಕೆಗಳು ಇನ್ನೂ ಬೀಳುತ್ತಲೇ ಇದ್ದವು.