ಎಡವಿದ್ದೂ ಇರಲಿ

ಬಸ್‌ಸ್ಟ್ಯಾಂಡಿನ ಡಾಂಬರು ಕರಗುವ ವೈಶಾಖದ ಬಿಸಿಲಿನಲ್ಲೂ ಶಿವಕಾಂತಾ ಸೀರೆಯ ಮೇಲೆ ತೀರಿಹೋದ ಗಂಡನ ಕರಿಯ ಕೋಟು ತೊಟ್ಟೇ ಆಳಂದದ ತನ್ನ ಟೈಪಿಂಗ್ ಅಂಗಡಿಗೆ ಬರುತ್ತಿದ್ದಳು. ಗಂಡ ಸತ್ತವಳು ಗಂಡಸಿನ ಕೋಟು ತೊಡುವುದೆಂದರೇನು ಎಂದು ಊರು ಮೂಗು ಮುರಿಯಿತು. ಮುರಿಯಲಿ, ಅವರವರ ಮೂಗು ಅವರವರದು. ಆ ಕೋಟಿಗೆ ಆಳವಾದ ಎರಡು ಕಿಸೆಗಳಿದ್ದವು. ಕಂಪ್ಯೂಟರಿನಲ್ಲಿ ಮಾಡಿದ ಕೆಲಸವನ್ನು ನಕಲು ಮಾಡಿಡುವ ಅವಳ ಚೌಕ ಫ್ಲಾಪಿಗಳಿಗೆ ಬೇಕಾಗಿದ್ದುದು ಅವೇ.

ತೊಂಬತ್ತರ ದಶಕದ ನಡುವಿನ ಮಾತು. ಹೇಳದೆ ಕೇಳದೆ ಕರೆಂಟು ಹೋಗುವ ಊರಿನಲ್ಲಿ ವಕೀಲ ದತ್ತಪ್ಪನವರ ಇಡೀ ದಿನದ ಅರ್ಜಿಗಳು ಒಮ್ಮೆ ಕಣ್ಣೆದುರೇ ಮಾಯವಾದ ಮೇಲೆ, ಅವಳು ಹಟ ಹಿಡಿದು ಕೈಪಿಡಿ ಓದಿ ಮ್ಯಾಕ್ರೋ ಎಂಬ ವಿದ್ಯೆಯನ್ನು ಕಲಿತಳು. ಒತ್ತಿದ ಕೀಲಿಗಳ ಸರಣಿಯನ್ನು ಯಂತ್ರಕ್ಕೆ ಒಮ್ಮೆ ಕಲಿಸಿಬಿಟ್ಟರೆ ಆಯಿತು, ಆಮೇಲೆ ಎರಡೇ ಕೀಲಿ ಒತ್ತಿದರೂ ಫೈಲುಗಳೆಲ್ಲ ತಾವಾಗಿ ಫ್ಲಾಪಿಗೆ ನಕಲಾಗುತ್ತವೆ. ಆದರೆ ಕಲಿಸುವಾಗ ಅವಳು ಒಂದು ಅಕ್ಷರ ತಪ್ಪಿ, ಅಳಿಸಿ, ಸರಿಯಾದುದನ್ನು ಒತ್ತಿದ್ದಳು; ಆ ಭೋಳೆ ಯಂತ್ರ ಅದನ್ನೂ ಕಲಿತುಬಿಟ್ಟಿತು. ಪ್ರತಿಸಲವೂ ಪರದೆಯ ಮೇಲೆ ಅದೇ ತಪ್ಪು ಮೂಡುವುದು, ಅಳಿಯುವುದು, ಆಮೇಲೆ ಕೆಲಸ ಮುಂದೆ ಸಾಗುವುದು. ತಿದ್ದಿ ಹೊಸದಾಗಿ ಕಲಿಸಬಾರದೇನವ್ವಾ ಎಂದು ದತ್ತಪ್ಪನವರು ನಕ್ಕರೆ, "ಎಡವಿದ್ದೂ ಇರ್ಲಿ, ಎದ್ದದ್ದೂ ಇರ್ಲಿ ಬಿಡ್ರಿ," ಎನ್ನುತ್ತಿದ್ದಳು.

ಗಂಡನ ಅಣ್ಣ ದೌಲತರಾಯ ತೊಗರಿ ವ್ಯಾಪಾರದ ದೊಡ್ಡ ಕುಳ. ಮನೆಯ ಸೊಸೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ದುಡಿಯುವುದು ಮನೆತನದ ಮರ್ಯಾದೆಗೆ ಕಡಿಮೆ ಎಂದುಕೊಂಡವನು, ಅಂಗಡಿಯೂ ಕಂಪ್ಯೂಟರೂ ತನ್ನ ಹೆಸರಿನಲ್ಲಿದ್ದ ಬಲದಿಂದ, ಒಂದು ಮುಂಜಾನೆ ಬಂದು ಯಂತ್ರವನ್ನು ಜೀಪಿಗೆ ಏರಿಸಿ ಅಂಗಡಿಗೆ ಬೀಗ ಜಡಿದೇಬಿಟ್ಟ. ಇನ್ನು ಮನೆಯಲ್ಲಿ ರೊಟ್ಟಿ ಬಡಿ ಎಂದ. ಅವಳ ಬದುಕೇ ಆ ಜೀಪು ಹತ್ತಿತ್ತು. ಕಣ್ಣು ತುಂಬಿದ್ದೂ ನಿಜ, ಸುಳ್ಳೇಕೆ ಹೇಳಬೇಕು. ಆದರೂ ಕೋಟಿನ ಗುಂಡಿ ಹಾಕಿಕೊಂಡು ಹೇಳಿದಳು:

"ಡಬ್ಬಾ ನಿಮ್ದು, ಒಯ್ರಿ. ನಾ ಮಾಡಿದ ಕೆಲಸ ನನ್ನ ಕಿಸೇದಾಗೈತಿ. ರೊಟ್ಟಿ ನಾ ದುಡದ ತಿಂತೇನಿ."

ಅದೇ ವಾರ ದರ್ಜಿ ನಜಮುನ್ನಿಸಾ ತನ್ನ ಹೊಲಿಗೆ ಅಂಗಡಿಯ ಅರ್ಧ ಜಾಗ ಬಿಟ್ಟುಕೊಟ್ಟಳು. ಗುಲ್ಬರ್ಗಾದಿಂದ ಹಳೆಯ ಕಂಪ್ಯೂಟರೊಂದು ಬಾಡಿಗೆಗೆ ಬಂತು. ಕಿಸೆಯಿಂದ ಒಂದೊಂದೇ ಫ್ಲಾಪಿ ಇಳಿದಂತೆ ದತ್ತಪ್ಪನವರ ಅರ್ಜಿಗಳು, ಊರಿನ ಲಗ್ನಪತ್ರಿಕೆಗಳು, ಕಲಿಸಿದ ಮ್ಯಾಕ್ರೋ ಸಹಿತ ಎಲ್ಲವೂ ತೆರೆದುಕೊಂಡವು. ಅಂದು ಸಂಜೆ ದೌಲತರಾಯ ಬಂದು ಬಾಗಿಲಲ್ಲಿ ನಿಂತ. ಅವಳು ರೂಢಿಯಂತೆ ಎರಡು ಕೀಲಿ ಒತ್ತಿದಳು. ಪರದೆಯ ಮೇಲೆ ಆ ಹಳೆಯ ತಪ್ಪು ಮೂಡಿತು.

"ಇನ್ನೂ ತಪ್ಪ ಮಾಡಾಕತ್ತೀಯಲ್ಲ," ಎಂದು ಅವನು ನಕ್ಕ.

ಅವಳು ತಿರುಗಿಯೂ ನೋಡಲಿಲ್ಲ. "ಹೌದ್ರಿ. ಮುಂದಿಂದೂ ನಿಂತ ನೋಡ್ರಿ."

ಅವನು ನಿಂತು ನೋಡಿದ. ತಪ್ಪು ಅಳಿಯಿತು, ಫೈಲುಗಳು ಒಂದರ ಹಿಂದೊಂದು ನಕಲಾದವು.

ಇಂಥವರ ಜಾಯಮಾನವೇ ಹೀಗೆ. ಎಡವಿದ್ದನ್ನು ಮುಚ್ಚಿಡುವುದಿಲ್ಲ, ಏಳುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಅವರ ಯಂತ್ರ ಕಸಿಯಬಹುದು, ಅಂಗಡಿಯನ್ನೂ ಕಸಿಯಬಹುದು. ಕಸಿದವನು ಮನೆ ಮುಟ್ಟುವಷ್ಟರಲ್ಲಿ ಅವರು ಇನ್ನೊಂದು ಬಾಗಿಲು ತೆರೆದು ಕೆಲಸಕ್ಕೆ ಕೂತಿರುತ್ತಾರೆ.