ಗೆರೆಯ ಕೆಳಗೆ ಯಾರು ಮಲಗಿದ್ದಾರೆ

ಆಸ್ಪತ್ರೆಯಿಂದ ನಿವೃತ್ತರಾದ ಮೇಲೂ ಗೆರೆ ಮಾಸ್ತರ ಕೈ ಸುಮ್ಮನೆ ಕೂರಲಿಲ್ಲ. ಜನರ ಎದೆಗೆ ವಯರು ಅಂಟಿಸಿ, ಇಸಿಜಿ ಯಂತ್ರದಿಂದ ಸರಸರ ಹೊರಬರುವ ಕಾಗದ ನೋಡುತ್ತಲೇ ಅವರ ಕೂದಲು ಬೆಳ್ಳಗಾಗಿತ್ತು. 'ಗೆರೆ ಮಾಸ್ತರು' ಎಂಬ ಹೆಸರನ್ನು ಇಟ್ಟವರು ನರ್ಸುಗಳು. ಡಾಕ್ಟರು ಬರುವ ಮೊದಲೇ ಗೆರೆ ನೋಡಿ, "ಇವರನ್ನ ಮನೆಗೆ ಕಳಿಸಬೇಡಿ" ಎಂದು ಮೆಲ್ಲಗೆ ಹೇಳಿ ಎಷ್ಟೋ ಮನೆಗಳ ದೀಪ ಆರದಂತೆ ಕಾದಿದ್ದರು. ಈಗ ಅವರ ಮುಂದೆ ರೋಗಿಗಳಿರಲಿಲ್ಲ. ಷೇರು ಪೇಟೆ ಇತ್ತು.

ತೇವ ತಗುಲಿತೆಂದು ಆಸ್ಪತ್ರೆಯವರು ಎಸೆಯಲು ಇಟ್ಟಿದ್ದ ಗುಲಾಬಿ ಚೌಕಳಿಯ ಕಾಗದದ ಸುರುಳಿಗಳನ್ನು ಕೇಳಿ ತಂದಿದ್ದರು. ಸಂಜೆ ಪೇಟೆ ಮುಚ್ಚಿದ ಮೇಲೆ ಮೊಬೈಲು ನೋಡಿ, ನಾಲ್ಕಾರು ಕಂಪನಿಗಳ ಬೆಲೆಯನ್ನು ಆ ಚೌಕಗಳಲ್ಲಿ ಚುಕ್ಕಿ ಇಟ್ಟು, ಚುಕ್ಕಿಗೆ ಚುಕ್ಕಿ ಕೂಡಿಸುವರು. ಅದೇ ಕೋಣೆಯ ಕಿಟಕಿ ಬದಿಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಬೀದಿಗೆಲ್ಲ ಅವಳು ಟೈಲರಕ್ಕ.

"ನೋಡಿಲ್ಲಿ," ಎಂದಿದ್ದರು ಮಾಸ್ತರು ಒಂದು ಸಂಜೆ. "ಈ ಸಿಮೆಂಟು ಎರಡು ಸಲ ಏರೋಕೆ ಹೋಗಿ ಬಿದ್ದಿದೆ. ಈಗ ಉಸಿರು ಹಿಡ್ಕೊಂಡು ಕೂತಿದೆ. ಇನ್ನು ಏರುತ್ತೆ."

"ಸಿಮೆಂಟಿಗೆ ಎಲ್ಲಿಯ ಉಸಿರು ರೀ? ಸ್ವಲ್ಪ ಸುಮ್ನಿರಿ, ಸೂಜಿಗೆ ದಾರ ಹೋಗ್ತಿಲ್ಲ."

ಸಿಮೆಂಟು ಏರಿತು. ಒಂದು ಜೊತೆ ಚಪ್ಪಲಿ ಕೊಳ್ಳುವಷ್ಟು ಲಾಭ ಬಂತು. ಅದಕ್ಕೂ ಮೊದಲು ಅವರು ಹೇಳಿ ತಪ್ಪಿದ್ದೂ ಇತ್ತು, ಆದರೆ ತಪ್ಪಿದ್ದಕ್ಕೆಲ್ಲ ಮಾಸ್ತರ ಬಳಿ ಕಾರಣವಿರುತ್ತಿತ್ತು. ಎಲ್ಲೋ ಯುದ್ಧದ ಸುದ್ದಿ ಬಂತು, ಇಲ್ಲವೇ ತಾನೇ ಕನ್ನಡಕ ಮರೆತು ನೋಡಿದೆ. ಸರಿಯಾದದ್ದಕ್ಕೆ ಮಾತ್ರ ಯಾವ ಕಾರಣವೂ ಬೇಕಿರಲಿಲ್ಲ.

ಚಪ್ಪಲಿಯ ಲಾಭದ ಸುದ್ದಿ ಮಾಸ್ತರ ತಂಗಿಯ ಕಿವಿಗೆ ಬಿತ್ತು. ಅವಳು ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದವಳು. ನಿಂತೂ ನಿಂತೂ ಮಂಡಿ ಕೈಕೊಟ್ಟ ಮೇಲೆ ಯಂತ್ರ, ಕಪಾಟು, ಬೋರ್ಡು ಎಲ್ಲ ಸೇರಿಸಿ ಮಾರಿದ್ದಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿಲ್ಲ. ಅಂಗಡಿ ಮಾರಿದ ದುಡ್ಡೇ ಅವಳ ಮುಂದಿನ ದಿನಗಳಿಗೆ ಊರುಗೋಲು.

ಶುಕ್ರವಾರ ಸಂಜೆ ಮೆಟ್ಟಿಲು ಹತ್ತಿ ಬಂದವಳು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಟ್ಟಳು.

"ಅಣ್ಣಾ, ನೀನು ಕೆಳಗಡೆ ಮನೆ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕೆಳಗಡೆ ಬಾಡಿಗೆ ನೀನು ಕೊಡ್ತೀಯಾ?"

"ಅದಕ್ಕೇ ಬಂದಿದೀನಿ. ನನ್ನ ದುಡ್ಡು ಬ್ಯಾಂಕಲ್ಲಿ ಗೊರಕೆ ಹೊಡೀತಿದೆ. ಎಲ್ಲಾ ನಿನ್ನ ಕೈಗೆ ಕೊಡ್ತೀನಿ, ನಿನ್ನ ಸಿಮೆಂಟಿಗೆ ಹಾಕು. ಜನರ ಎದೆ ಒಳಗಿನದ್ದೇ ಓದಿದವನಿಗೆ ಇದೇನು ಮಹಾ?"

ಮಾಸ್ತರ ಮುಖ ಅರಳಿತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದ ಮೇಲೆ ಆ ಮುಖದಲ್ಲಿ ಅಂಥ ಬೆಳಕನ್ನು ಟೈಲರಕ್ಕ ಕಂಡಿರಲಿಲ್ಲ. ಯಾರೋ ಮತ್ತೆ ಅವರನ್ನು ನಂಬಿ ಕೇಳುತ್ತಿದ್ದರು.

"ಭಾನುವಾರ ಚೆಕ್ ತಗೊಂಡು ಬಾ. ಸೋಮವಾರ ಪೇಟೆ ತೆಗೆದ ಕೂಡಲೇ ಹಾಕೋಣ," ಎಂದರು.

ಟೈಲರಕ್ಕ ಹೊಲಿಗೆ ಯಂತ್ರ ನಿಲ್ಲಿಸಿದಳು. ನಾದಿನಿಯ ದುಡ್ಡು ಮುಳುಗಿದರೆ ಅವಳ ಗತಿಯೇನು? ಬೇಡವೆಂದರೆ ಈ ಮುಖದ ಬೆಳಕಿನ ಗತಿಯೇನು? ನಾದಿನಿ ಹೋದ ಮೇಲೆ ಅಡುಗೆಮನೆಗೆ ಹೋಗಿ ಮಗಳಿಗೆ ಫೋನು ಹಚ್ಚಿದಳು. ಮಗಳು ಬೇರೆ ಊರಿನ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುವವಳು.

"ಬೈಬೇಡಮ್ಮ," ಎಂದಳು ಮಗಳು. "ಒಂದು ನಾಣ್ಯ ತಗೋ. ರಾಜ ಬಿದ್ರೆ ಒಂದು ಚೌಕ ಮೇಲೆ, ರಾಣಿ ಬಿದ್ರೆ ಒಂದು ಚೌಕ ಕೆಳಗೆ. ಅಪ್ಪನ ಕಾಗದದ ಮೇಲೇ ಗೆರೆ ಎಳೆದು, ಇದು ಯಾವುದೋ ಕಂಪನಿದು ಅಂತ ಓದಿಸು."

"ನೀನೇ ಹೇಳಬಾರದೇನೇ?"

"ನಾನು ಹೇಳಿದ್ರೆ 'ನೀನು ಹುಟ್ಟೋ ಮೊದಲಿಂದ ಗೆರೆ ನೋಡ್ತಿದೀನಿ' ಅಂತಾರೆ. ಆ ಮಾತು ನಿನಗೆ ಹೇಳೋಕಾಗುತ್ತಾ?"

ಮರುದಿನ ಮಾಸ್ತರು ಕ್ಷೌರಕ್ಕೆ ಹೋದಾಗ ಟೈಲರಕ್ಕ ಕೆಲಸ ಶುರು ಮಾಡಿದಳು. ಹಾಲು ಒಲೆಯ ಮೇಲಿಟ್ಟು ಒಂದಷ್ಟು ಸಲ ನಾಣ್ಯ ಚಿಮ್ಮಿದಳು. ಬಟ್ಟೆ ಹಿಂಡಿ, ಒದ್ದೆ ಕೈ ಒರೆಸಿಕೊಂಡು ಮತ್ತೆ ಒಂದಷ್ಟು ಸಲ. ನಾಣ್ಯ ಒಮ್ಮೆ ಕಪಾಟಿನಡಿಗೆ ಉರುಳಿತು. ಇನ್ನೊಮ್ಮೆ ಚಿಮ್ಮಿದರೆ ಕೇಳುವವರಾರು? ಆದರೂ ನೆಲಕ್ಕೆ ಕೆನ್ನೆ ಹಚ್ಚಿ, ಟಾರ್ಚು ಬಿಟ್ಟು, ಅಲ್ಲಿ ಮೇಲೆ ಬಿದ್ದ ಮುಖವನ್ನೇ ಗುರುತು ಹಾಕಿದಳು. ಗಂಡನಿಗೆ ಮಾಡುವ ಮೋಸದೊಳಗೆ ಇನ್ನೊಂದು ಮೋಸ ಇರಬಾರದೆಂದು ಅವಳ ಲೆಕ್ಕ.

ಬರೀ ಗೀಚು ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು ನೋಡಿ ಅವಳಿಗೇ ದಿಗಿಲಾಯಿತು. ಗೆರೆ ಒಂದು ಗುಡ್ಡ ಏರಿತ್ತು, ಇಳಿದಿತ್ತು, ಕಣಿವೆಯಲ್ಲಿ ಸ್ವಲ್ಪ ಹೊತ್ತು ಅಲೆದಾಡಿ ಮೆಲ್ಲಗೆ ತಲೆ ಎತ್ತುತ್ತಿತ್ತು. ಏನನ್ನೋ ಯೋಚಿಸುತ್ತಿರುವಂತೆ ಕಾಣುತ್ತಿತ್ತು.

ಊಟವಾದ ಮೇಲೆ ಮಾಸ್ತರ ಮುಂದೆ ಹಿಡಿದಳು. "ಮಗಳು ಹೇಳಿ ಹಾಕಿಸಿದ್ದು. ಹೆಸರು ಹೇಳಬಾರದಂತೆ. ಮುಂದೇನಾಗುತ್ತೆ ಹೇಳಿ ನೋಡೋಣ."

ಮಾಸ್ತರು ಕನ್ನಡಕ ಒರೆಸಿಕೊಂಡರು. ಆಸ್ಪತ್ರೆಯ ದಿನಗಳಲ್ಲಿ ಗೆರೆ ಅಳೆಯುತ್ತಿದ್ದ ಕೈವಾರ ತೆಗೆದು ಅದರ ಎರಡು ಮೊನೆಗಳನ್ನು ಗುಡ್ಡದ ಮೇಲೆ, ಕಣಿವೆಯ ಮೇಲೆ ನಡೆಸಿದರು.

"ಇಲ್ಲಿ ಪೆಟ್ಟು ತಿಂದಿದೆ ಪಾಪ. ಇಲ್ಲಿ ನೋಡು, ಯಾರೂ ಕೊಳ್ಳೋರಿಲ್ಲ, ಆದ್ರೂ ಇನ್ನೂ ಕೆಳಗೆ ಬೀಳಲಿಲ್ಲ. ಗಟ್ಟಿ ಜೀವ. ಇದು ಏರುತ್ತೆ." ರೋಗಿಯ ಹೆಗಲು ತಟ್ಟುವಂತೆ ಕಾಗದ ತಟ್ಟಿದರು.

ಟೈಲರಕ್ಕ ಅಡುಗೆಮನೆಗೆ ಹೋಗಿ ಗೆರೆ ಮುಂದುವರಿಸಿದಳು. ಈಗ ಬೀಳುತ್ತದೆ, ತೋರಿಸಿದರೆ ಮುಗಿಯಿತು ಎಂದುಕೊಂಡಳು. ರಾಜ. ರಾಜ. ರಾಣಿ. ರಾಜ. ಮತ್ತೆ ರಾಜ. ಗೆರೆ ಮಾಸ್ತರು ಹೇಳಿದ ಹಾಗೇ, ಅವರ ಮಾತು ಕೇಳಿಸಿಕೊಂಡ ಹಾಗೇ, ಹಳೆಯ ಗುಡ್ಡವನ್ನೂ ದಾಟಿ ಏರಿತು. ಅವಳು ನಾಣ್ಯವನ್ನು ತಿರುಗಿಸಿ ನೋಡಿ, ಮತ್ತೆ ಫೋನು ಹಚ್ಚಿದಳು.

"ಏರಿಬಿಡ್ತು ಕಣೇ. ಈಗೇನು ಮಾಡಲಿ?"

ಮಗಳು ನಕ್ಕಳು. "ಏರಲಿ ಬಿಡಮ್ಮ. ಏರುತ್ತೆ ಅಂದವರ ಮಾತು ಒಮ್ಮೊಮ್ಮೆ ನಿಜ ಆಗಲೇಬೇಕಲ್ಲ. ಇದ್ದದ್ದನ್ನ ಇದ್ದ ಹಾಗೇ ಹೇಳು."

ಹರಿದು ಬಿಸಾಡಿ, ಬೀಳುವ ತನಕ ಹೊಸದಾಗಿ ಚಿಮ್ಮಬಹುದಿತ್ತು. ಆದರೆ ತಪ್ಪಾಗಿ ಕತ್ತರಿಸಿದ ಬಟ್ಟೆಯನ್ನು ನೆರಿಗೆ ಹಿಡಿದು ಮುಚ್ಚಿದರೆ ತೊಟ್ಟವರ ಕಂಕುಳಲ್ಲಿ ಅದು ಹಿಡಿದೇ ಹಿಡಿಯುತ್ತದೆಂದು ಅವಳಿಗೆ ಗೊತ್ತಿತ್ತು. ಕಾಗದ ಮಡಚಿ ಗುಂಡಿ ಡಬ್ಬದಲ್ಲಿಟ್ಟಳು.

ಭಾನುವಾರ ನಾದಿನಿ ಚೆಕ್ ಪುಸ್ತಕ ಹಿಡಿದು ಬಂದಳು. ಬಾಗಿಲಲ್ಲಿ ನಿಂತು, ಮಾತಾಡಲಾಗದೆ ಕೈಸನ್ನೆಯಲ್ಲೇ ನೀರು ಕೇಳಿದಳು. ಕುಡಿದು ಪೆನ್ನಿನ ಮುಚ್ಚಳ ತೆಗೆದಳು. ಟೈಲರಕ್ಕ ಕಾಗದ ತಂದು ಗಂಡನ ಮುಂದೆ ಹರವಿದಳು.

"ರೀ, ನೀವು ಹೇಳಿದ ಹಾಗೇ ಏರಿತು."

"ನಾನು ಹೇಳಲಿಲ್ಲವಾ?" ಮಾಸ್ತರು ತಂಗಿಯ ಕಡೆ ತಿರುಗಿದರು. "ಹೆಸರು ಕೂಡ ಗೊತ್ತಿಲ್ಲದ ಕಂಪನಿ."

"ಮತ್ತೆ ತಡ ಯಾಕೆ? ಎಷ್ಟಕ್ಕೆ ಬರೀಲಿ?"

ಟೈಲರಕ್ಕ ನಾಣ್ಯವನ್ನು ಗೆರೆಯ ಪಕ್ಕ ಇಟ್ಟಳು. "ಕಂಪನಿ ಇಲ್ಲ ರೀ. ಇದನ್ನ ಚಿಮ್ಮಿ ಚಿಮ್ಮಿ ನಾನೇ ಎಳೆದದ್ದು."

ಮಾಸ್ತರು ನಾಣ್ಯ ನೋಡಿದರು, ಅವಳನ್ನು ನೋಡಿದರು. "ನನ್ನ ಜೊತೆ ಆಟ ಆಡಿದ್ಯಾ?"

"ಹೂಂ, ಆಡಿದೆ. ಬೈಯಿರಿ. ಆದ್ರೆ ಇವಳು ಚೆಕ್ ಬರೆಯೋ ಮೊದಲೇ ಬೈದು ಮುಗಿಸಿ."

ಅವರು ಬೈಯಲಿಲ್ಲ. ಕಾಗದ ಹತ್ತಿರ ಎಳೆದುಕೊಂಡರು. "ಏರಿದ್ದು ನಿಜಾನಾ? ನೀನು ತಿದ್ದಲಿಲ್ಲ ತಾನೇ?"

"ಒಂದು ಚೌಕವೂ ಇಲ್ಲ. ಬೀಳಲಿ ಅಂತಲೇ ಕಾದಿದ್ದೆ."

"ಬಿದ್ದಿದ್ರೇ ಚೆನ್ನಾಗಿತ್ತು," ಎಂದರು ಮಾಸ್ತರು ನಿಧಾನಕ್ಕೆ. "ಬಿದ್ದಿದ್ರೆ ನಾನು ಓದಿದ್ದು ತಪ್ಪು ಅಂತ ಇನ್ನೊಂದು ಸಲ ಓದ್ತಿದ್ದೆ. ಓದೋಕೇ ಏನೂ ಇಲ್ಲದ್ದನ್ನ ಸರಿಯಾಗಿ ಓದಿದೀನಲ್ಲ." ಮತ್ತೆ ಕೇಳಿದರು, "ಹಾಗಾದ್ರೆ ಸಿಮೆಂಟು?"

ತಂಗಿ ಪೆನ್ನನ್ನು ಚೆಕ್ಕಿನ ಮೇಲೆ ಹಿಡಿದೇ ಇದ್ದಳು.

ಆಗ ಅವರಿಗೆ ತಾವೇ ನೂರು ಸಲ ಹೇಳಿ ನಗಿಸಿದ್ದ ಕಥೆ ನೆನಪಾಯಿತು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎದೆಬಡಿತ ದಾರಿ ತಪ್ಪಿದಂತೆ ಅಡ್ಡಾದಿಡ್ಡಿ ಕುಣಿಯುವ ಗೆರೆಯ ಕಾಗದ ಹಿಡಿದು, ರೋಗಿ ಹೋಗೇಬಿಟ್ಟರೆಂದು ಅಳುತ್ತ ಓಡಿಬಂದಿದ್ದಳು. ಹೋಗಿ ನೋಡಿದರೆ ಮಂಚ ಖಾಲಿ. ರೋಗಿ ಎದೆಗೆ ವಯರು ಅಂಟಿಸಿದ್ದ ಬಿಲ್ಲೆಗಳನ್ನೆಲ್ಲ ಕಿತ್ತಿಟ್ಟು ಬಚ್ಚಲಿಗೆ ಹೋಗಿದ್ದ. ನೇತಾಡುವ ವಯರು ತನ್ನ ಪಾಡಿಗೆ ಗೆರೆ ಬರೆಯುತ್ತಿತ್ತು. ಅವತ್ತಿನಿಂದ ಕಲಿಯಲು ಬಂದವರಿಗೆಲ್ಲ ಅವರ ಮೊದಲ ಪಾಠ ಒಂದೇ.

"ಮೊದಲು ಮಂಚ ನೋಡಿ, ಆಮೇಲೆ ಕಾಗದ ಅಂತಿದ್ದೆ," ಎಂದರು. "ನಾನೇ ಮಂಚ ನೋಡಲಿಲ್ಲ." ಮತ್ತೆ ಹೆಂಡತಿಯ ಕಡೆ ತಿರುಗಿ, "ಪೇಟೆಯೆಲ್ಲ ಬರೀ ನಾಣ್ಯವೇ ಅಂತಾಳಾ ಮಗಳು?"

"ಅವಳಿಗೂ ಗೊತ್ತಿಲ್ಲವಂತೆ. ದೊಡ್ಡ ದೊಡ್ಡವರೇ ಇನ್ನೂ ಜಗಳ ಆಡ್ತಿದಾರಂತೆ. ಬರೀ ಗೆರೆ ನೋಡಿ ಇದು ಪೇಟೆ, ಇದು ನಾಣ್ಯ ಅಂತ ಬೇರೆ ಮಾಡೋದು ಅವಳ ಕೈಲೂ ಆಗಲ್ಲವಂತೆ."

ಮಾಸ್ತರು ತಂಗಿಯ ಪೆನ್ನಿಗೆ ತಾವೇ ಮುಚ್ಚಳ ಹಾಕಿದರು. "ಚೆಕ್ ಒಳಗಿಡು. ನನ್ನ ಚಪ್ಪಲಿ ದುಡ್ಡಲ್ಲಿ ನಾನು ಆಡ್ಕೋತೀನಿ. ನಿನ್ನದು ಗೊರಕೆ ಹೊಡೀಲಿ."

"ನಾಣ್ಯಕ್ಕೂ ಜಾತಕ ಹೇಳಿದ್ಯಲ್ಲೋ ಅಣ್ಣಾ," ಎಂದಳು ತಂಗಿ. ನಿರಾಸೆ ಮುಚ್ಚಿಕೊಳ್ಳಲು ಅವಳಿಗೆ ತಿಳಿದದ್ದು ತಮಾಷೆ ಒಂದೇ. "ಏರಿಸೋ ಕೈ ಅತ್ತಿಗೇದು. ಅತ್ತಿಗೆ, ನಿಮ್ಮ ಕೈಗೇ ಕೊಟ್ಟುಬಿಡ್ಲಾ?"

ನಗಲು ಹೋದವಳಿಗೆ ಉಸಿರು ಸಾಲಲಿಲ್ಲ. ಮಾಸ್ತರ ಕಣ್ಣು ಕಾಗದದಿಂದ ಮೇಲೆದ್ದಿತು. ತಂಗಿಯ ತುಟಿ, ಕತ್ತು, ಊದಿದ ಪಾದ ಒಂದೊಂದನ್ನೇ ನೋಡಿದರು. ಕೈ ಹಿಡಿದು ಮಣಿಕಟ್ಟಿನ ಮೇಲೆ ಬೆರಳಿಟ್ಟರು.

"ಯಾವಾಗಿಂದ ಹೀಗೆ?"

"ನಿನ್ನ ಮೆಟ್ಟಿಲು ಹತ್ತಿದಾಗ ಅಷ್ಟೇ."

"ಈ ಮೆಟ್ಟಿಲನ್ನ ಹೋದ ವರ್ಷ ಮಂಡಿ ನೋವಿದ್ರೂ ಒಂದೇ ಉಸಿರಿಗೆ ಹತ್ತಿದೀಯ. ನಾಳೆ ಆಸ್ಪತ್ರೆಗೆ ಹೋಗೋಣ."

ಸೋಮವಾರ ಪೇಟೆ ತೆರೆಯುವ ಹೊತ್ತಿಗೆ ಮೂವರೂ ಮಾಸ್ತರ ಹಳೆಯ ಕೋಣೆಯಲ್ಲಿದ್ದರು. ಈಗ ಅಲ್ಲಿ ಕೆಲಸ ಮಾಡುವವಳು ಅಂದು ಅಳುತ್ತ ಓಡಿಬಂದವಳೇ. "ವಯರು ನೀವೇ ಹಚ್ಚಿ ಮಾಸ್ತರೇ," ಎಂದು ಪಕ್ಕಕ್ಕೆ ಸರಿದಳು. ಮಾಸ್ತರು ಬಿಲ್ಲೆಗಳನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅಂಟಿಸತೊಡಗಿದರು. ಟೈಲರಕ್ಕ ನಾದಿನಿಯ ಚಪ್ಪಲಿ, ಚೀಲ ಮಡಿಲಲ್ಲಿಟ್ಟುಕೊಂಡು ಗಂಡನ ಮುಖ ನೋಡುತ್ತಿದ್ದಳು. ಶುಕ್ರವಾರದ ಬೆಳಕು ಎಲ್ಲೂ ಹೋಗಿರಲಿಲ್ಲ, ಸ್ವಲ್ಪ ತಗ್ಗಿತ್ತು ಅಷ್ಟೇ.

ಯಂತ್ರ ಸರಸರ ಸದ್ದು ಮಾಡಿತು.

"ಹೇಳಣ್ಣಾ," ಎಂದಳು ಮಂಚದ ಮೇಲಿಂದ ತಂಗಿ. "ಏರುತ್ತಾ, ಇಳಿಯುತ್ತಾ?"

"ಸುಮ್ನೆ ಮಲಗು. ಮಾತಾಡಿದ್ರೆ ಗೆರೆ ಕೆಡುತ್ತೆ."

ಕಾಗದ ಹೊರಬಂದು ನೆಲ ಮುಟ್ಟುವಂತೆ ಇಳಿಬಿತ್ತು. ಮಾಸ್ತರು ಅದನ್ನು ಕೈಗೆತ್ತಿಕೊಂಡರು. ಆದರೆ ಕನ್ನಡಕ ಹಾಕಿಕೊಳ್ಳುವ ಮೊದಲು ಬಗ್ಗಿ, ತಂಗಿಯ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿದರು.